ಗೆರೆ ಎಳೆದು ಧ್ವನಿ ಹೊರಡಿಸುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

(ಪರದೆಯ ಮೇಲೆ ಪೆಟ್ಟಿಗೆಗಳನ್ನು ಗೆರೆಯಿಂದ ಜೋಡಿಸಿ ಧ್ವನಿ, ಚಿತ್ರ ಹೊರಡಿಸುವ ಪ್ಯೂರ್ ಡೇಟಾ ಎಂಬ ತಂತ್ರಾಂಶದ ಬಗ್ಗೆ ಈ ಪ್ರಶ್ನೋತ್ತರ. ಪೆಟ್ಟಿಗೆಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಅಚ್ಚು ಹಾಕಿದ್ದೇವೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕೊನೆಯಲ್ಲಿ ~ ಇದ್ದರೆ ಅದನ್ನು ಜಾಗ ಬಿಡದೆ ಸೇರಿಸಿ.)

ಪ್ರಶ್ನೆ: ಪ್ರೋಗ್ರಾಮಿಂಗ್ ಕಲಿತಿಲ್ಲ. ಪೆಟ್ಟಿಗೆಗಳನ್ನು ಗೆರೆಯಿಂದ ಜೋಡಿಸಿ ಸಂಗೀತ, ವಿಡಿಯೋ ಮಾಡಬಹುದಂತೆ. 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಆಗುತ್ತದೆಯೇ? — ಶಿರಸಿಯ ಕಾಲೇಜು ವಿದ್ಯಾರ್ಥಿನಿ

ಖಂಡಿತ ಆಗುತ್ತದೆ. ಪ್ಯೂರ್ ಡೇಟಾದಿಂದ ಶುರು ಮಾಡಿ. ಮಿಲ್ಲರ್ ಪಕೆಟ್ 1996ರ ಹೊತ್ತಿಗೆ ರೂಪಿಸಿದ ಈ ತಂತ್ರಾಂಶ ಪೂರ್ತಿ ಉಚಿತ, ಮೂಲ ಕೋಡ್ ಕೂಡ ಮುಕ್ತ. ಅದಕ್ಕೂ ಮೊದಲು, 1980ರ ದಶಕದಲ್ಲಿ, ಅವರೇ ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮ್ಯಾಕ್ಸ್ ಎಂಬ ಇದೇ ಬಗೆಯ ತಂತ್ರಾಂಶ ಬರೆದಿದ್ದರು. ಇಂದಿನ ಮ್ಯಾಕ್ಸ್ ಹಣ ಕೊಟ್ಟು ಕೊಳ್ಳುವಂಥದ್ದು. ವಿಡಿಯೋಗೆ ಹೆಸರಾದ ಟಚ್‌ಡಿಸೈನರ್‌ಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ನಿಮ್ಮ ಲ್ಯಾಪ್‌ಟಾಪ್ ಅದರಲ್ಲಿ ಒದ್ದಾಡುತ್ತದೆ.

ತತ್ವ ಶಿರಸಿಯವರಿಗೆ ಹೊಸದಲ್ಲ. ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಹರಿದು ಬಂದ ಹಾಗೆ, ~ ಇರುವ ಪೆಟ್ಟಿಗೆಗಳ ನಡುವಿನ ದಪ್ಪ ತಂತಿಯಲ್ಲಿ ಧ್ವನಿ ಸೆಕೆಂಡಿಗೆ 44,100 ಅಥವಾ 48,000 ಸಂಖ್ಯೆಗಳಾಗಿ ನಿಲ್ಲದೆ ಹರಿಯುತ್ತಿರುತ್ತದೆ. ತೆಳು ತಂತಿಯಲ್ಲಿ ಹಾಗಲ್ಲ. ಯಾರಾದರೂ ಕಳಿಸಿದಾಗ ಮಾತ್ರ ಒಂದು ಸಂದೇಶ ಹೋಗುತ್ತದೆ, ಆಮೇಲೆ ಸುಮ್ಮನಿರುತ್ತದೆ.

ಹೊಸ ಹಾಳೆ ತೆರೆದು ಕಂಟ್ರೋಲ್ ಮತ್ತು 1 ಒತ್ತಿ. ಬಂದ ಪೆಟ್ಟಿಗೆಯಲ್ಲಿ 'ಆಸ್ಕ್~ 220' (ಓ, ಎಸ್, ಸಿ) ಎಂದು ಬರೆಯಿರಿ. ಅದರ ಕೆಳಗೆ '*~ 0.1', ಅದರ ಕೆಳಗೆ 'ಡ್ಯಾಕ್~' (ಡಿ, ಎ, ಸಿ). ಮೇಲಿನ ಪೆಟ್ಟಿಗೆಯ ಅಡಿಯ ಕಿಂಡಿಯಿಂದ ಕೆಳಗಿನದರ ತಲೆಯ ಕಿಂಡಿಗೆ ಮೌಸಿನಿಂದ ಗೆರೆ ಎಳೆಯಿರಿ. ಡ್ಯಾಕ್~ಗೆ ಎಡ, ಬಲ ಎರಡೂ ಕಿಂಡಿಗೆ ತಂತಿ ಬೇಕು, ಇಲ್ಲದಿದ್ದರೆ ಒಂದೇ ಕಿವಿಯಲ್ಲಿ ಕೇಳುತ್ತದೆ. ಮುಖ್ಯ ಕಿಟಕಿಯಲ್ಲಿ ಡಿಎಸ್‌ಪಿ ಗುರುತು ಹಾಕಿದ ಕೂಡಲೇ ಧ್ವನಿ ಬರುತ್ತದೆ. ನಡುವಿನ *~ 0.1 ಬಿಡಲೇಬೇಡಿ. ಅದಿಲ್ಲದೆ ಆಸ್ಕ್~ ಪೂರ್ತಿ ಬಲದಲ್ಲಿ ಹೊಮ್ಮುತ್ತದೆ. ಹೆಡ್‌ಫೋನ್ ಹಾಕಿಕೊಂಡಿದ್ದರೆ ಕಿವಿಗೆ ಅಪಾಯ. ಪೆಟ್ಟಿಗೆಯ ಅಂಚು ಚುಕ್ಕೆಗೆರೆಯಾಗಿಯೇ ಉಳಿದರೆ ಹೆಸರಿನಲ್ಲಿ ಕಾಗುಣಿತ ತಪ್ಪಿದೆ ಎಂದು ತಿಳಿಯಿರಿ. ಜೋಡಣೆ ಮುಗಿದ ಮೇಲೆ ಕಂಟ್ರೋಲ್ ಮತ್ತು ಇ ಒತ್ತಿ ತಿದ್ದುವ ಸ್ಥಿತಿಯಿಂದ ಹೊರಗೆ ಬನ್ನಿ. ಆಗಲೇ ಸಂಖ್ಯೆಪೆಟ್ಟಿಗೆಗಳನ್ನು ಎಳೆದು ಬದಲಿಸಲು ಸಾಧ್ಯ.

ಪ್ರಶ್ನೆ: ಧ್ವನಿ ಏರಿಳಿಸುವಾಗ ಚಟಚಟ ಸದ್ದು. ಲೈನ್~ ಹಾಕಲು ಹೋದರೆ ತಂತಿಯೇ ಕೂರುವುದಿಲ್ಲ. — ಅಂಕೋಲಾ

'*~ 0.1' ಎಂದು ಸಂಖ್ಯೆ ಬರೆದಿದ್ದರೆ ಅದರ ಬಲಕಿಂಡಿ ಬರೀ ಸಂದೇಶ ತೆಗೆದುಕೊಳ್ಳುತ್ತದೆ, ಧ್ವನಿಯನ್ನಲ್ಲ. ಸಂಖ್ಯೆ ಅಳಿಸಿ ಬರೀ '*~' ಇಡಿ, ಲೈನ್~ ತಂತಿ ಕೂರುತ್ತದೆ. ಲೈನ್~ಗೆ '0.1 50' ಎಂಬ ಸಂದೇಶ ಕಳಿಸಿದರೆ ಧ್ವನಿಯ ಬಲ 50 ಮಿಲಿಸೆಕೆಂಡಿನಲ್ಲಿ ನುಣ್ಣಗೆ 0.1ಕ್ಕೆ ಮುಟ್ಟುತ್ತದೆ.

ಪ್ರಶ್ನೆ: ಯಕ್ಷಗಾನದ ಅಭ್ಯಾಸಕ್ಕೆ ಕಪ್ಪು ಎರಡರ ಶ್ರುತಿ ಮಾಡಿಕೊಂಡೆ. ಸ, ಪ ಕೂಡಿದಾಗ ಒಂದು ಅಲುಗಾಟ ಕೇಳುತ್ತದೆ. ಮತ್ತೆ, ಕೆಲವೊಮ್ಮೆ ಸಂಖ್ಯೆ ಬದಲಿಸಿದರೂ ಧ್ವನಿ ಬದಲಾಗುವುದಿಲ್ಲ. — ಹೊನ್ನಾವರ

ಎರಡಕ್ಕೂ ಬೇರೆ ಬೇರೆ ಕಾರಣ. ಮೊದಲು ಅಲುಗಾಟ ನೋಡೋಣ. ಬಿಳಿ ಒಂದನ್ನು 60 ಎಂದು ಹಿಡಿದರೆ ಕಪ್ಪು ಎರಡು 63. ಎಂಟಿಓಎಫ್ ಪೆಟ್ಟಿಗೆ ಅದನ್ನು 311.13 ಹರ್ಟ್ಸ್ ಮಾಡಿಕೊಡುತ್ತದೆ. ಪಂಚಮಕ್ಕೆ ನೀವು 7 ಕೂಡಿಸಿ 70 ಕೊಟ್ಟಿರಬೇಕು, ಅದು 466.16. ಇದು ಹಾರ್ಮೋನಿಯಂ ಮನೆಗಳ ಲೆಕ್ಕ. ಶುದ್ಧ ಪಂಚಮವೆಂದರೆ ಷಡ್ಜದ ಒಂದೂವರೆ ಪಟ್ಟು, 466.69. ಅರ್ಧ ಹರ್ಟ್ಸ್ ವ್ಯತ್ಯಾಸ ಆಸ್ಕ್~ನ ಬರಿ ಸ್ವರದಲ್ಲಿ ಕಾಣದು. ಉಪಸ್ವರ ತುಂಬಿದ ಫೇಸರ್~ (ಪಿ, ಎಚ್, ಎ, ಎಸ್, ಓ, ಆರ್) ಬಳಸಿದಾಗ ಷಡ್ಜದ ಮೂರನೆಯ ಉಪಸ್ವರ, ಪಂಚಮದ ಎರಡನೆಯದು ಒಂದಕ್ಕೊಂದು ಉಜ್ಜಿ ಸೆಕೆಂಡಿಗೆ ಸುಮಾರು ಒಂದು ಸಲ ಅಲುಗುತ್ತವೆ. ನಿಮ್ಮ ಕಿವಿಗೆ ಬಿದ್ದದ್ದು ಅದೇ, ಒಳ್ಳೆಯ ಕಿವಿ. 7 ಕೂಡಿಸುವುದನ್ನು ಬಿಟ್ಟು ಎಂಟಿಓಎಫ್ ಆದ ಮೇಲೆ '* 1.5' ಹಾಕಿ. ಕೆಳಗಿನ ಷಡ್ಜಕ್ಕೆ '* 0.5'. ಫೇಸರ್~ 0ಯಿಂದ 1ರವರೆಗೆ ಮಾತ್ರ ಏರುವುದರಿಂದ ಅದರ ಕೆಳಗೆ 'ಹಿಪ್~ 5' (ಎಚ್, ಐ, ಪಿ) ಇಟ್ಟು ಆ ಒಂದೇ ಕಡೆಯ ವಾಲಿಕೆ ತೆಗೆಯಿರಿ, ನಂತರ ಎತ್ತರದ ಸ್ವರಗಳನ್ನು ಸೋಸುವ 'ಲಾಪ್~ 1500' (ಎಲ್, ಓ, ಪಿ) ಇಟ್ಟರೆ ಕರಕರ ಕಡಿಮೆಯಾಗುತ್ತದೆ.

ಇನ್ನು ಬದಲಾಗದ ಸಂಖ್ಯೆ. ಈ ಭಾಷೆಯಲ್ಲಿ ಎಲ್ಲರೂ ಎಡವುವ ಜಾಗ ಇದು, ನಿಧಾನವಾಗಿ ಓದಿ. '+', '*' ತರಹದ ಪೆಟ್ಟಿಗೆಗಳ ಎಡಕಿಂಡಿ ಬಿಸಿ, ಬಲಕಿಂಡಿ ತಣ್ಣಗೆ. ಬಲಕ್ಕೆ ಬಂದದ್ದನ್ನು ಪೆಟ್ಟಿಗೆ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ ಅಷ್ಟೆ. ಎಡಕ್ಕೆ ಏನಾದರೂ ಬಂದಾಗ ಮಾತ್ರ ಲೆಕ್ಕ ಮಾಡಿ ಹೊರಗೆ ಕೊಡುತ್ತದೆ. ನೀವು ಬಲಕಿಂಡಿಯ ಸಂಖ್ಯೆ ಬದಲಿಸಿ ಕಾಯುತ್ತಿದ್ದೀರಿ. ಅದಕ್ಕೆ 'ಟಿ ಬಿ ಎಫ್' ಎಂಬ ಪೆಟ್ಟಿಗೆ ಇದೆ, ಮೂರು ಅಕ್ಷರಗಳ ನಡುವೆ ಜಾಗ ಬಿಟ್ಟು ಬರೆಯಬೇಕು. ಸಂಖ್ಯೆ ಅದರೊಳಗೆ ಹೋಗಲಿ. ಅದರ ಬಲಗಡೆಯ ಹೊರಕಿಂಡಿಯನ್ನು '*'ನ ಬಲಕ್ಕೆ, ಎಡಗಡೆಯದನ್ನು ಎಡಕ್ಕೆ ಜೋಡಿಸಿ. ಟಿ ಯಾವಾಗಲೂ ಬಲದಿಂದ ಎಡಕ್ಕೆ ಕಳಿಸುತ್ತದೆ: ಮೊದಲು ಸಂಖ್ಯೆ ಹೋಗಿ ಕೂರುತ್ತದೆ, ಆಮೇಲೆ 'ಈಗ ಲೆಕ್ಕ ಮಾಡು' ಎಂಬ ಬ್ಯಾಂಗ್ ಹೋಗುತ್ತದೆ.

ಟಿ ಇಲ್ಲದೆ ಒಂದೇ ಹೊರಕಿಂಡಿಯಿಂದ ಎರಡು ತಂತಿ ಎಳೆದರೂ ಕೆಲವೊಮ್ಮೆ ಸರಿಯಾಗಿ ನಡೆಯುತ್ತದೆ. ನಂಬಬೇಡಿ. ಯಾವುದು ಮೊದಲು ಎಂಬುದು ಆಗ ನೀವು ತಂತಿ ಎಳೆದ ಕ್ರಮವನ್ನು ಅವಲಂಬಿಸಿರುತ್ತದೆ, ಆ ಕ್ರಮ ಪರದೆಯ ಮೇಲೆ ಎಲ್ಲೂ ಕಾಣದು. ಒಂದು ತಂತಿ ಕಿತ್ತು ಮತ್ತೆ ಹಾಕಿದರೆ ನಿನ್ನೆ ಸರಿಯಿದ್ದ ಪ್ಯಾಚ್ (ಪೆಟ್ಟಿಗೆ ಜೋಡಿಸಿದ ಹಾಳೆ) ಇಂದು ತಪ್ಪು ಉತ್ತರ ಕೊಡುತ್ತದೆ. ತಂತಿ ಹೇಳುವುದು ಎಲ್ಲಿಗೆ ಎಂಬುದನ್ನು ಮಾತ್ರ. ಯಾವಾಗ ಎಂಬುದನ್ನು ಟಿ ಇಟ್ಟು ನೀವೇ ಹೇಳಬೇಕು.

ಆವರ್ತ ಎಣಿಸುವ ಎಣಿಕೆಗೂ ಇದೇ ನಿಯಮ. ಸಂಖ್ಯೆ ನೆನಪಿಡುವ 'ಎಫ್' ಪೆಟ್ಟಿಗೆಯಿಂದ '+ 1'ಕ್ಕೆ, ಅಲ್ಲಿಂದ ತಿರುಗಿ ಎಫ್‌ನ ಬಲಕಿಂಡಿಗೆ. ತಪ್ಪಿ ಎಡಕಿಂಡಿಗೆ ಹಾಕಿದರೆ ಎಣಿಕೆ ತನ್ನನ್ನೇ ಕರೆಯುತ್ತ ಹೋಗಿ 'ಸ್ಟ್ಯಾಕ್ ಓವರ್‌ಫ್ಲೋ' ಎಂದು ನಿಲ್ಲುತ್ತದೆ.

ಪ್ರಶ್ನೆ: ಕಡಲತೀರದಲ್ಲಿ ಸಂಜೆ ಒಂದು ಪ್ರದರ್ಶನ. ಅಲೆಯ ಸದ್ದನ್ನು ಕಂಪ್ಯೂಟರಿನಲ್ಲೇ ಹುಟ್ಟಿಸಿ, ಅದರ ಏರಿಳಿತಕ್ಕೆ ಕ್ಯಾಮೆರಾದ ಚಿತ್ರ ಬೆಳಗಿ ಮಂಕಾಗಬೇಕು. — ಕಾರವಾರ

'ನಾಯ್ಸ್~' ಕೆಳಗೆ 'ಲಾಪ್~ 600' ಎರಡು ಸಲ, ಒಂದರ ಕೆಳಗೊಂದು. ಒಂದೇ ಇಟ್ಟರೆ ಮಳೆಯಂತೆ ಸುಯ್ಯೆನ್ನುತ್ತದೆ, ಏಕೆಂದರೆ ಲಾಪ್~ನ ಇಳಿಜಾರು ಬಹಳ ಮೆದು. ಅದನ್ನು ಬರಿ '*~'ನ ಎಡಕ್ಕೆ ಕೊಡಿ. ಬಲಕ್ಕೆ ಅಲೆಯ ಉಸಿರು: 'ಆಸ್ಕ್~ 0.1', '*~ 0.5', '+~ 0.5'. ಇದು ಹತ್ತು ಸೆಕೆಂಡಿಗೊಮ್ಮೆ 0ಯಿಂದ 1ಕ್ಕೆ ಏರಿ ಇಳಿಯುತ್ತದೆ. ಆದರೆ ಇಷ್ಟಕ್ಕೇ ಬಿಟ್ಟರೆ ತೊಟ್ಟಿಲು ತೂಗಿದ ಹಾಗಿರುತ್ತದೆ, ಕಡಲಿನ ಹಾಗಲ್ಲ. ಈ ಉಸಿರನ್ನು ಇನ್ನೊಂದು '*~'ನ ಎರಡೂ ಕಿಂಡಿಗೆ ಕೊಟ್ಟು ವರ್ಗ ಮಾಡಿ. ನಡುವಿನ ಮೌನ ಉದ್ದವಾಗುತ್ತದೆ. 0.07ರ ಇನ್ನೊಂದು ಉಸಿರನ್ನು ಹಾಗೇ ಮಾಡಿ ಮೊದಲಿನದಕ್ಕೆ ಗುಣಿಸಿದರೆ ವಿನ್ಯಾಸ ಮರುಕಳಿಸಲು 100 ಸೆಕೆಂಡು ಬೇಕು, ನಿಂತು ನೋಡುವವರಿಗೆ ಪುನರಾವರ್ತನೆ ಗೊತ್ತಾಗದು. ಡ್ಯಾಕ್~ಗೆ ಮುಂಚೆ '*~ 0.3'.

ಚಿತ್ರಕ್ಕೆ ಜೆಮ್ (ಜಿ, ಇ, ಎಂ) ಬೇಕು, ಅದು ಪ್ಯೂರ್ ಡೇಟಾಗೆ ಚಿತ್ರ, ವಿಡಿಯೋದ ಪೆಟ್ಟಿಗೆಗಳನ್ನು ಸೇರಿಸುತ್ತದೆ. ಮೆನುವಿನ 'ಫೈಂಡ್ ಎಕ್ಸ್‌ಟರ್ನಲ್ಸ್'ನಲ್ಲಿ ಹುಡುಕಿ ಇನ್‌ಸ್ಟಾಲ್ ಮಾಡಿ. ಪ್ಯಾಚಿನಲ್ಲಿ 'ಡಿಕ್ಲೇರ್ -ಲಿಬ್ ಜೆಮ್' ಎಂಬ ಪೆಟ್ಟಿಗೆ ಇಟ್ಟು, ಉಳಿಸಿ, ಮತ್ತೆ ತೆರೆಯಿರಿ (ಇಲ್ಲಿ ಮಾತ್ರ ಜೆಮ್‌ನ ಮೊದಲಕ್ಷರ ದೊಡ್ಡದು). 'ಜೆಮ್‌ವಿನ್'ಗೆ 'ಕ್ರಿಯೇಟ್, 1' ಎಂಬ ಸಂದೇಶ ಕೊಟ್ಟರೆ ಚಿತ್ರದ ಕಿಟಕಿ ತೆರೆಯುತ್ತದೆ. ಇನ್ನೊಂದು ಕಡೆ ಸರಪಳಿ, ಮೇಲಿನಿಂದ ಕೆಳಗೆ: ಜೆಮ್‌ಹೆಡ್, ಪಿಕ್ಸ್_ವಿಡಿಯೋ (ಪಿಕ್ಸ್ ಎಂದರೆ ಪಿ, ಐ, ಎಕ್ಸ್), ಚಿತ್ರದ ಬೆಳಕು ಏರಿಳಿಸುವ ಪಿಕ್ಸ್_ಗೇನ್, ಪಿಕ್ಸ್_ಟೆಕ್ಸ್ಚರ್, 'ರೆಕ್ಟಾಂಗಲ್ 4 3'. ಬಿಳಿ ಆಯತ ಮಾತ್ರ ಕಂಡರೆ ಪಿಕ್ಸ್_ಟೆಕ್ಸ್ಚರ್ ಮರೆತಿದ್ದೀರಿ. ಪಿಕ್ಸ್_ಗೇನ್ ಅನ್ನು ಟೆಕ್ಸ್ಚರಿನ ಕೆಳಗೆ ಇಟ್ಟರೆ ಏನೂ ಆಗದು: ಚಿತ್ರ ಅಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಹೋಗಿ ಮುಟ್ಟಿರುತ್ತದೆ.

ಧ್ವನಿಯ ಕೊನೆಯ '*~'ನಿಂದ 'ಎನ್ವ್~ 4096'ಗೆ (ಇ, ಎನ್, ವಿ) ಒಂದು ತಂತಿ. ಇದು ಡೆಸಿಬಲ್ ಕೊಡುತ್ತದೆ, ಪೂರ್ತಿ ಬಲಕ್ಕೆ 100. ಸಂಖ್ಯೆಪೆಟ್ಟಿಗೆ ಇಟ್ಟು ಎರಡು ನಿಮಿಷ ನೋಡಿ. ಉದಾಹರಣೆಗೆ ಅಲೆ ಸಣ್ಣಗೆ ಕೇಳಲು ಶುರುವಾದಾಗ 50, ತುತ್ತತುದಿಯಲ್ಲಿ 75 ಕಂಡರೆ '- 50', '/ 25', 'ಮ್ಯಾಕ್ಸ್ 0' ಸಾಲಾಗಿ ಇಟ್ಟು ಪಿಕ್ಸ್_ಗೇನ್‌ನ ಬಲಕಿಂಡಿಗೆ ಕೊಡಿ. ಮ್ಯಾಕ್ಸ್ 0 ಇಲ್ಲದಿದ್ದರೆ ಮೌನದಲ್ಲಿ ಋಣ ಸಂಖ್ಯೆ ಬರುತ್ತದೆ.

ಪ್ರೊಜೆಕ್ಟರ್ ಬಗ್ಗೆ ಒಂದು ಮಾತು. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೇ ಇಳಿಯುವುದರಿಂದ ತೀರದಲ್ಲಿ ಬೆಳಕು ಬಹಳ ಹೊತ್ತು ಉಳಿಯುತ್ತದೆ. ಸೂರ್ಯಾಸ್ತವಾಗಿ ಮುಕ್ಕಾಲು ತಾಸಿಗೆ ಮೊದಲು ಮಂಕಾದ ಚಿತ್ರ ಕಾಣಲಿಕ್ಕಿಲ್ಲ.

ಪ್ರಶ್ನೆ: ಚಿತ್ರ, ಧ್ವನಿ ಎರಡೂ ಓಡುವಾಗ ಸದ್ದು ತುಂಡಾಗುತ್ತದೆ. ಕರೆಂಟು ಹೋದಾಗ ಇನ್ನೂ ಹೆಚ್ಚು. — ಕುಮಟಾ

ಒಂದೇ ಪ್ಯೂರ್ ಡೇಟಾದಲ್ಲಿ ಎರಡೂ ಒಂದೇ ಸರದಿಯಲ್ಲಿ ನಿಂತಿರುತ್ತವೆ. ಧ್ವನಿ 64 ಮಾದರಿಗಳ ಕಂತಿನಲ್ಲಿ, ಅಂದರೆ ಸುಮಾರು ಒಂದೂವರೆ ಮಿಲಿಸೆಕೆಂಡಿಗೊಮ್ಮೆ ತಯಾರಾಗಬೇಕು. ಒಂದು ಚಿತ್ರ ಬಿಡಿಸಲು 20 ಮಿಲಿಸೆಕೆಂಡು ಹಿಡಿದರೆ ಅಷ್ಟು ಹೊತ್ತು ಧ್ವನಿ ಕಾಯುತ್ತದೆ. ಆಡಿಯೋ ಸೆಟ್ಟಿಂಗ್ಸಿನಲ್ಲಿ ಡಿಲೇಯನ್ನು 100 ಮಿಲಿಸೆಕೆಂಡಿಗೆ ಏರಿಸಿ. ಅಲೆಯ ಸದ್ದಿಗೆ ಇದು ಸಾಕು. ಚಂಡೆಯನ್ನು ಮೈಕಿನಲ್ಲಿ ಹಿಡಿದು ಕೂಡಲೇ ಮಾರ್ದನಿಸುವ ಕೆಲಸಕ್ಕೆ ಆಗದು, ಪೆಟ್ಟು ತಡವಾಗಿ ಕೇಳುತ್ತದೆ. ಆಗ ಪ್ಯೂರ್ ಡೇಟಾವನ್ನು ಎರಡು ಸಲ ತೆರೆಯಿರಿ, ಒಂದರಲ್ಲಿ ಧ್ವನಿ, ಇನ್ನೊಂದರಲ್ಲಿ ಜೆಮ್. ಚಿತ್ರದ ಕಡೆ 'ನೆಟ್‌ರಿಸೀವ್ 3000'. ಧ್ವನಿಯ ಕಡೆ 'ನೆಟ್‌ಸೆಂಡ್', ಅದಕ್ಕೆ ಮೊದಲು 'ಕನೆಕ್ಟ್ ಲೋಕಲ್‌ಹೋಸ್ಟ್ 3000', ನಂತರ 'ಸೆಂಡ್ $1' ಸಂದೇಶಗಳು. ನೆಟ್‌ರಿಸೀವ್ ಇರುವ ಪ್ಯಾಚನ್ನು ಮೊದಲು ತೆರೆದಿರಬೇಕು, ಇಲ್ಲವಾದರೆ ಸಂಪರ್ಕ ಸಿಗದು.

ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ತಗ್ಗಿಸುತ್ತದೆ. ಪವರ್ ಸೆಟ್ಟಿಂಗ್ಸಿನಲ್ಲಿ ಬ್ಯಾಟರಿಗೂ ಪೂರ್ಣ ಸಾಮರ್ಥ್ಯ ಆರಿಸಿ, ಪ್ರದರ್ಶನದ ಹಿಂದಿನ ದಿನ ಪ್ಲಗ್ ಕಿತ್ತು ಅರ್ಧ ತಾಸು ಓಡಿಸಿ ನೋಡಿ. ಆಗಲೂ ಕರಕರ ಎಂದರೆ ಜಾಕ್ ಒರೆಸಿ. ಉಪ್ಪುಗಾಳಿಗೆ ಅದರ ಲೋಹ ಬೇಗ ಕಿಲುಬು ಹಿಡಿಯುತ್ತದೆ.