ಬಂಗುಡೆ ಸಾರಿಗೆ ಕೆಂಪು ವೈನ್ ಹೊಂದದಿದ್ದುದೇಕೆ?

ವೈನ್ ಕೆಟ್ಟಿರಲಿಕ್ಕಿಲ್ಲ, ಜೋಡಿ ತಪ್ಪಿದೆ. ಕಾರವಾರದ ನಿಮ್ಮ ಕೂಟದಲ್ಲಿ ಕ್ಯಾಬರ್ನೆ ಎಂಬ ಕೆಂಪು ವೈನ್ ಜೊತೆ ಬಂಗುಡೆ ಸಾರು ತಿಂದಾಗ ತುಕ್ಕಿನ ರುಚಿ ಬಂತು, ಖಾರ ಏರಿತು ಎಂದಿದ್ದೀರಿ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಬಂಗುಡೆಯ ಎಣ್ಣೆಯೊಡನೆ ಸೇರಿದರೆ ಹೀಗಾಗುವುದುಂಟು. ಖಾರವನ್ನು ಕೆರಳಿಸಿದ್ದು ಆಲ್ಕೋಹಾಲ್ ಮತ್ತು ಒಗರು.

ಮುಂದಿನ ಸಲ ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ತನ್ನಿ, ನಾಸಿಕದ್ದೇ ಸಾಕು. ಗೋವಾದಲ್ಲಿ ಅಗ್ಗವೆಂದು ಅಲ್ಲಿಂದ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟಿಸುವ ಸಾಹಸ ಬೇಡ, ಅಲ್ಲಿ ತಪಾಸಣೆ ಇರುತ್ತದೆ. ಬಾಟಲಿಯನ್ನು ಫ್ರಿಜ್‌ನಲ್ಲಿ ಎರಡು ಮೂರು ತಾಸು ಇಡಿ. 8ರಿಂದ 10 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಸರಿ.

ಮೊದಲು ಬರೀ ವೈನ್ ಒಂದು ಗುಟುಕು. ಆಮೇಲೆ ರವೆ ಹಚ್ಚಿ ಹುರಿದ ಇಸವಾಣ ಮೀನಿನ ತುಂಡು, ಮತ್ತೆ ಗುಟುಕು: ವೈನಿನ ಹುಳಿ ಎಣ್ಣೆಯ ಜಿಡ್ಡನ್ನು ತೊಳೆಯುವುದು ಆಗ ನಾಲಿಗೆಗೇ ತಿಳಿಯುತ್ತದೆ. ನಡುವೆ ಎರಡು ತುತ್ತು ಬಿಳಿ ಅನ್ನ ತಿನ್ನಿ. ಸಾರನ್ನು ಕೊನೆಗಿಡಿ. ತಿರಫಳವೆಂಬ ಮಸಾಲೆಕಾಯಿ ಬಿದ್ದ ಸಾರಾದರೆ ನಾಲಿಗೆ ಜುಮ್ಮೆಂದು ಈ ವೈನೂ ಸೋಲಬಹುದು. ಅಡುಗೆಯವರಿಗೆ ಮೊದಲೇ ಹೇಳಿ, ಒಂದು ಬಟ್ಟಲು ತಿರಫಳವಿಲ್ಲದೆ ತೆಗೆದಿರಿಸಿ. ಮುರುಗಲು (ಕೋಕಂ) ಹಾಕಿದ ಪಾನೀಯ ಸೋಲ್‌ಕಡಿಯನ್ನು ವೈನಿನ ರುಚಿ ನೋಡುವುದು ಮುಗಿದ ಮೇಲಷ್ಟೇ ಕೊಡಿ. ಮುರುಗಲ ಹುಳಿಯ ಮುಂದೆ ವೈನ್ ಸಪ್ಪೆಯೆನಿಸುತ್ತದೆ.

ಉಳಿದ ಕ್ಯಾಬರ್ನೆಯನ್ನು ಚೆಲ್ಲಬೇಡಿ, ಖಾರ ಕಡಿಮೆ ಹಾಕಿದ ಮಟನ್ ಸುಕ್ಕಕ್ಕೆ ಇಟ್ಟುಕೊಳ್ಳಿ. ಆದರೆ ತೆರೆದ ಬಾಟಲಿಯಾದರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಿ.