ಕೇಪಿನ ಕೋವಿಯ ಗುಂಡಿನ ಅಚ್ಚನ್ನು ಅರ್ಧ ಮಿಲಿಮೀಟರ್ ದೊಡ್ಡದು ಮಾಡುವುದು ಹೇಗೆ? ಮನೆಯಲ್ಲೇ ಆಗುತ್ತಾ, ಲೇತ್‌ಗೆ ಕೊಡಬೇಕಾ?

ನಿಮ್ಮ ಹಳೇ ಕೇಪಿನ ರೈಫಲ್‌ನಲ್ಲಿ ಗುಂಡು ನಳಿಗೆಯೊಳಗೆ ಲೊಡಲೊಡ ಅನ್ನುತ್ತದೆ, ಅದಕ್ಕೇ ಅಚ್ಚು ದೊಡ್ಡದು ಮಾಡಬೇಕು ಅಂತ ಬರೆದಿದ್ದೀರಲ್ಲ, ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನಮ್ಮದೂ ಅಜ್ಜನ ಕಾಲದ ಕೇಪಿನ ಕೋವಿ, ಬಾಯಿಯಿಂದ ಮದ್ದು ಗುಂಡು ತುಂಬಿ, ಹಿಂದೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯುವಂಥದ್ದು. ಜೊತೆಗೇ ಬಂದ, ಸೀಸ ಹೊಯ್ದು ಗುಂಡು ಮಾಡುವ, ಇಕ್ಕಳದ ಹಾಗೆ ತೆರೆದು ಮುಚ್ಚುವ ಕಬ್ಬಿಣದ ಅಚ್ಚು. ನಾನು ಆ ಅಚ್ಚನ್ನು ದೊಡ್ಡದು ಮಾಡಿಸಿದೆ. ನೀವು ಮಾಡಿಸಬೇಡಿ. ಮನೆಯಲ್ಲೂ ಬೇಡ, ಲೇತ್‌ನಲ್ಲೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ತೋಟ ಸಕಲೇಶಪುರದ ಹತ್ತಿರ. ಬೆಳೆ ಕಾಯುವುದಕ್ಕೆ ಅಂತ ಕೊಟ್ಟ ಲೈಸೆನ್ಸ್, ಅಪ್ಪನ ನಂತರ ನನ್ನ ಹೆಸರಿಗೆ ಬಂತು. 2014ರ ಲೋಕಸಭೆ ಚುನಾವಣೆಗೆ ಎಲ್ಲರ ಹಾಗೆ ನಾವೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೆವು. ವಾಪಸ್ ತಂದ ಮೇಲೆ ಒರೆಸಿ ಎಣ್ಣೆ ಹಾಕುವಾಗ ಸುಮ್ನೆ ಒಂದು ಗುಂಡನ್ನು ನಳಿಗೆಯ ಬಾಯಿಯಲ್ಲಿ ಇಟ್ಟು ನೋಡಿದೆ. ಸುತ್ತಲೂ ಬೆರಳಿನ ಉಗುರು ಹೋಗುವಷ್ಟು ಜಾಗ. ವರ್ನಿಯರ್ ತಂದು ಅಳೆದೆ. ನಳಿಗೆಯ ಬಾಯಿ 15.9 ಮಿ.ಮೀ., ಗುಂಡು 14.9. ಒಂದು ಮಿಲಿಮೀಟರ್ ವ್ಯತ್ಯಾಸ! ಅಜ್ಜನಿಗೆ ಯಾರೋ ತಪ್ಪು ಅಚ್ಚು ಕೊಟ್ಟಿದ್ದಾರೆ ಅಂತ ಆ ಕ್ಷಣಕ್ಕೇ ತೀರ್ಮಾನ ಮಾಡಿಬಿಟ್ಟೆ.

ಇಲ್ಲೇ ನಾನು ತಪ್ಪಿದ್ದು. ಬಾಯಿ ಮಾತ್ರ ಅಳೆದೆ, ಒಳಗೆ ಅಳೆಯಲಿಲ್ಲ. ಬಾಯಿಯಿಂದ ಈಡು ತುಂಬುವ ಕೋವಿಯಲ್ಲಿ, ಅದನ್ನು ಒಳಗೆ ತಳ್ಳುವ ಕಬ್ಬಿಣದ ಗಜ ಪ್ರತಿ ಸಲವೂ ಬಾಯಿಯ ಅಂಚಿಗೆ ಉಜ್ಜಿಕೊಂಡೇ ಒಳಗೆ ಹೋಗುತ್ತದೆ, ಉಜ್ಜಿಕೊಂಡೇ ಹೊರಗೆ ಬರುತ್ತದೆ. ಮೂರು ತಲೆಮಾರು ಹೀಗೆ ಉಜ್ಜಿದರೆ ಬಾಯಿ ಸವೆದು ಆಲಿಕೆಯ ಹಾಗೆ ಅಗಲ ಆಗುತ್ತದೆ. ಒಳಗಿನ ಅಳತೆ ಮಾತ್ರ ಮೊದಲಿನ ಹಾಗೇ ಇರುತ್ತದೆ. ನಮ್ಮ ಕೋವಿಯ ಒಳಗೆ 15.4 ಇತ್ತು. ಅಂದರೆ ಅಜ್ಜನ 14.9ರ ಗುಂಡಿಗೂ ನಳಿಗೆಗೂ ನಿಜವಾದ ಅಂತರ ಅರ್ಧ ಮಿ.ಮೀ. ಮಾತ್ರ, ಗುಂಡಿಗೆ ಸುತ್ತಿ ಹಾಕುವ ಒಂದು ದಪ್ಪ ಬಟ್ಟೆಯ ತುಂಡು ತುಂಬಿಸುವಷ್ಟು. ಅಚ್ಚು ಸರಿಯಾಗೇ ಇತ್ತು. ಇದು ನನಗೆ ಗೊತ್ತಾಗುವ ಹೊತ್ತಿಗೆ ಅಚ್ಚೇ ಇರಲಿಲ್ಲ.

ಮೊದಲು ಮನೆಯಲ್ಲೇ ಉಜ್ಜಿದೆ. ಅಚ್ಚಿನ ಒಳಗೆ ಒಂದು ಸ್ಕ್ರೂ ನಿಲ್ಲಿಸಿ ಸೀಸ ಹೊಯ್ದರೆ ಹಿಡಿ ಇರುವ ಗುಂಡು ಸಿಗುತ್ತದೆ. ಅದಕ್ಕೆ ಗ್ಯಾರೇಜಿನವರು ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅಚ್ಚನ್ನು ಮೆಲ್ಲಗೆ ಮುಚ್ಚುತ್ತಾ ಕೈಯಿಂದ ತಿರುಗಿಸುತ್ತಾ ಹೋಗಬೇಕು. ಸೀಸದ ಗುಂಡು ಸವೆದ ಹಾಗೆ ಹೊಸದು ಹೊಯ್ಯಬೇಕು. ನಾಲ್ಕು ಸಂಜೆ ಉಜ್ಜಿದರೂ 0.1 ಮಿ.ಮೀ. ಕೂಡ ಪೂರ್ತಿ ಹೋಗಲಿಲ್ಲ. ಐದನೇ ಸಂಜೆ ತಾಳ್ಮೆ ಕೆಟ್ಟು ಸ್ಕ್ರೂವನ್ನು ಡ್ರಿಲ್ ಮಿಷನ್ನಿಗೆ ಸಿಕ್ಕಿಸಿ ತಿರುಗಿಸಿದೆ. ಗುಂಡು ಒಂದು ಕಡೆ ಉಬ್ಬಿ ಕೋಳಿಮೊಟ್ಟೆಯ ಹಾಗೆ ಬರತೊಡಗಿತು. ಅದನ್ನು ಸರಿ ಮಾಡಲು ಹಾಸನದ ಒಂದು ಲೇತ್ ಅಂಗಡಿಗೆ ಕೊಟ್ಟೆ. ಅವರು ನಾನು ಹೇಳಿದ ಅಳತೆಗೆ ಗುಂಡಗಿನ ಕಟರ್ ಮಾಡಿ, 15.5ಕ್ಕೆ ನೀಟಾಗಿ ಕೊರೆದು ಕೊಟ್ಟರು. ಅವರ ಕೆಲಸದಲ್ಲಿ ಏನೂ ತಪ್ಪಿಲ್ಲ. ಅಳತೆ ಕೊಟ್ಟವನು ನಾನು.

ಆಯುಧಪೂಜೆ ದಿನ ಪೂಜೆ ಆದ ಮೇಲೆ ಮನೆ ಹಿಂದಿನ ಮಣ್ಣಿನ ಧರೆಗೆ ಒಂದು ಹಲಗೆ ಒರಗಿಸಿ ಒಂದೇ ಒಂದು ಈಡು ಹೊಡೆಯುವುದು ನಮ್ಮ ಮನೆಯ ಪದ್ಧತಿ. ಮಸಿ, ಅಂದರೆ ಕೋವಿಮದ್ದು, ಹಾಕಿದೆ, ತೆಳು ಬಟ್ಟೆಯ ಮೇಲೆ ಹೊಸ ಗುಂಡು ಇಟ್ಟು ಗಜದಿಂದ ಒತ್ತಿದೆ. ಮೊದಲ ಒಂದು ಗೇಣು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಆಮೇಲೆ ಬಿಗಿಯಾಯಿತು. ಬಿಗಿಯಾದರೆ ಒಳ್ಳೆಯದೇ ಅಂದುಕೊಂಡು ಮರದ ಸುತ್ತಿಗೆಯಿಂದ ಬಡಿದೆ. ಇನ್ನೂ ಸ್ವಲ್ಪ ಹೋಗಿ ನಿಂತಿತು. ಎಷ್ಟು ಬಡಿದರೂ ಅಲ್ಲಾಡಲಿಲ್ಲ.

ಅಜ್ಜ ಗಜದ ಮೇಲೆ ಅರದಿಂದ ಒಂದು ಗೀರು ಹಾಕಿಟ್ಟಿದ್ದರು. ಈಡು ಸರಿಯಾಗಿ ಕೂತರೆ ಆ ಗೀರು ನಳಿಗೆಯ ಬಾಯಿಗೆ ಸಮ ಬರಬೇಕು. ಅವತ್ತು ಅದು ಬಾಯಿಯಿಂದ ಒಂದೂವರೆ ಗೇಣು ಮೇಲೆ ನಿಂತಿತ್ತು. ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ ಅದನ್ನು ನೋಡಿ, "ಕೇಪು ಮುಟ್ಟಬೇಡ ಮಾರಾಯ, ಕೋವಿ ಕೆಳಗಿಡು" ಅಂದರು. ಗುಂಡು ಮಸಿಯ ಮೇಲೆ ಕೂರದೆ ನಡುವೆ ಜಾಗ ಉಳಿದಾಗ ಹೊಡೆದರೆ ನಳಿಗೆ ಉಬ್ಬಬಹುದು, ಸೀಳಿಯೂ ಹೋಗಬಹುದು. ನನ್ನ ಎಡಗೈ ಇದ್ದದ್ದು ಸರಿಯಾಗಿ ಆ ಜಾಗದಲ್ಲೇ. ಹೊಡೆಯುವಾಗ ಪಕ್ಕದಲ್ಲಿ ಮಕ್ಕಳೂ ಇರುತ್ತಿದ್ದರು. ಇದನ್ನು ಬರೆಯುವಾಗಲೂ ಕೈ ತಣ್ಣಗಾಗುತ್ತದೆ.

ಅದನ್ನು ತೆಗೆಸಿದ್ದು ಹಾಸನದಲ್ಲಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ. ಅವರು ಮೊದಲು ಕೇಪು ಕೂರುವ ನಿಪ್ಪಲ್ ಬಿಚ್ಚಿ, ಆ ತೂತಿನಿಂದ ನೀರು ಬಿಟ್ಟು ಮಸಿಯನ್ನು ಪೂರ್ತಿ ನೆನೆಸಿದರು. ಆಮೇಲೆ ಅದೇ ತೂತಿಗೆ ಸರಿ ಹೊಂದುವ ತಿರುಪು ಮಾಡಿ, ಟ್ರ್ಯಾಕ್ಟರ್‌ಗೆ ಹಾಕುವ ಗ್ರೀಸ್ ಗನ್ ಸಿಕ್ಕಿಸಿ ಪಂಪ್ ಮಾಡುತ್ತಾ ಹೋದರು. ಗ್ರೀಸ್ ಹಿಂದಿನಿಂದ ತಳ್ಳುತ್ತಾ ಬಂದು, ಅರ್ಧ ಗಂಟೆಯ ನಂತರ ಗುಂಡು ಬಾಯಿಯಲ್ಲಿ ಇಣುಕಿತು. ಕೈಯಲ್ಲಿ ಹಿಡಿದು ನೋಡಿದೆ. ನಡುವಿಗೆ ಸುತ್ತಲೂ ಬೆಳ್ಳಿಯ ಹಾಗೆ ಹೊಳೆಯುವ ಒಂದು ಪಟ್ಟಿ, ಅದರ ಮೇಲೆ ಬಟ್ಟೆಯ ನೇಯ್ಗೆಯ ಅಚ್ಚು ಎಳೆ ಎಳೆಯಾಗಿ ಮೂಡಿತ್ತು. ಬಟ್ಟೆ ಹರಿದು ಮೇಲೆ ಉಳಿದುಹೋಗಿತ್ತು. ಆಮೇಲೆ ಅವರು ಉದ್ದನೆಯ ಸಲಾಕೆಯ ತುದಿಗೆ ಬೇರೆ ಬೇರೆ ಅಳತೆಯ ಉಕ್ಕಿನ ತುಂಡು ಸಿಕ್ಕಿಸಿ ಒಂದೊಂದಾಗಿ ಒಳಗೆ ಬಿಟ್ಟರು. 15.4ರದ್ದು ತಳದವರೆಗೆ ಹೋಯಿತು, 15.5ರದ್ದು ಒಂದು ಗೇಣಿಗೇ ನಿಂತಿತು. "ನಿಮ್ಮ ಹಳೇ ಅಚ್ಚು ತನ್ನಿ, ಅದೇ ಸರಿ" ಅಂದರು. ನಾನು ಏನು ಹೇಳಲಿ?

ಈಗ ನಿಮ್ಮ ವಿಷಯ. ಮೊದಲು ಗಜ ಇಳಿಸಿ ಕೋವಿ ಖಾಲಿ ಇದೆ ಅಂತ ಖಚಿತ ಮಾಡಿಕೊಳ್ಳಿ. ಹಳೇ ಕೋವಿಯಲ್ಲಿ ಯಾವುದೋ ಕಾಲದ ಈಡು ಹಾಗೇ ಉಳಿದಿರಬಹುದು. ಆಮೇಲೆ ಗಜದ ತುದಿಗೆ ಬಾಯಿಯಲ್ಲಿ ಹಿತವಾಗಿ ಹೋಗುವಷ್ಟು ಬಟ್ಟೆ ಸುತ್ತಿ ಮೆಲ್ಲಗೆ ತಳ್ಳಿ ನೋಡಿ. ಒಳಗೆ ಹೋದ ಹಾಗೆ ಬಿಗಿಯಾದರೆ ನಿಮ್ಮದೂ ನಮ್ಮ ಕಥೆಯೇ, ಬಾಯಿ ಸವೆದಿದೆ. ನಿಜವಾದ ಅಳತೆಯನ್ನು ರಿಪೇರಿಯವರ ಹತ್ತಿರವೇ ತೆಗೆಸಿ, ಲೈಸೆನ್ಸ್ ಪುಸ್ತಕ ಜೊತೆಗೆ ಒಯ್ಯಿರಿ.

ರೈಫಲ್ ಅಂತ ಬರೆದಿದ್ದೀರಿ. ನಮ್ಮ ಕಡೆ ಕೇಪಿನ ಕೋವಿಗಳ ನಳಿಗೆ ಹೆಚ್ಚಾಗಿ ಒಳಗೆ ನುಣ್ಣಗಿರುತ್ತದೆ. ಸುರುಳಿ ಗೆರೆ ಇದ್ದರೆ ಮಾತ್ರ ಅದು ರೈಫಲ್. ಇದ್ದರೂ ಗುಂಡು ನಳಿಗೆಗಿಂತ ಚಿಕ್ಕದೇ ಇರಬೇಕು, ಗೆರೆ ಹಿಡಿಯುವುದು ಬಟ್ಟೆ. 54 ಕ್ಯಾಲಿಬರ್ ರೈಫಲ್ ಅಂದರೆ 13.7 ಮಿ.ಮೀ., ಅದಕ್ಕೆ ಸಾಮಾನ್ಯವಾಗಿ ಹಾಕುವ ಗುಂಡು 13.46, ಬಟ್ಟೆಯ ದಪ್ಪ 0.38ರಷ್ಟು. ಹಾಗಾಗಿ ಗುಂಡು ಸಡಿಲ ಅನ್ನಿಸಿದರೆ ಬಟ್ಟೆ ಬದಲಾಯಿಸಿ, ಅಚ್ಚನ್ನಲ್ಲ. ಬಟ್ಟೆ ಸರಿ ಬರಲಿಲ್ಲ ಅಂದರೆ ಇನ್ನೊಂದು ತರಬಹುದು. ಅಚ್ಚಿನಿಂದ ಹೋದ ಕಬ್ಬಿಣ ವಾಪಸ್ ಬರಲ್ಲ.

ಇನ್ನೊಂದು ವಿಷಯ, ಗುಂಡು ದೊಡ್ಡದಾದರೆ ತೂಕವೂ ಏರುತ್ತದೆ, ಅದೂ ಅಂದಾಜಿಗಿಂತ ಜಾಸ್ತಿ. ಶುದ್ಧ ಸೀಸದ ಲೆಕ್ಕ ಹಾಕಿದರೆ 14.9ರ ಗುಂಡು ಹತ್ತಿರ ಹತ್ತಿರ 19.6 ಗ್ರಾಂ, 15.5ರದ್ದು 22 ಗ್ರಾಂ ದಾಟುತ್ತದೆ. ಅದೇ ಅಳತೆಯ ಮಸಿ ಹಾಕಿದರೂ ಹಳೇ ನಳಿಗೆಯ ಮೇಲೆ ಒತ್ತಡ ಹೆಚ್ಚು ಬೀಳುತ್ತದೆ. ಸೀಸವನ್ನೂ ನೋಡಿಕೊಳ್ಳಿ. ನಾನು ಹಾಕಿದ್ದು ಕಾರಿನ ಚಕ್ರಕ್ಕೆ ಬ್ಯಾಲೆನ್ಸ್ ಮಾಡುವ ಸೀಸ, ಅದರಲ್ಲಿ ಆಂಟಿಮೊನಿ ಇರುತ್ತದೆ, ಗಟ್ಟಿ. ಮೆತ್ತನೆಯ ಶುದ್ಧ ಸೀಸಕ್ಕಿಂತ ಗುಂಡು ಒಂದು ಕೂದಲೆಳೆಯಷ್ಟು ದೊಡ್ಡದೂ ಬರುತ್ತದೆ. ಹಳೇ ಬ್ಯಾಟರಿ ಸೀಸವನ್ನಂತೂ ಕರಗಿಸಲೇಬೇಡಿ, ಅದರಿಂದ ವಿಷದ ಗಾಳಿ ಏಳುತ್ತದೆ. ಮಳೆಗಾಲದಲ್ಲಿ ಎರಕದ ಕೆಲಸವೇ ಬೇಡ. ಸೀಸ ಕರಗುವುದು 327 ಡಿಗ್ರಿಗೆ, ಒಂದು ಹನಿ ನೀರು ಬಿದ್ದರೂ ಸಿಡಿದು ಮುಖಕ್ಕೆ ಬರುತ್ತದೆ.

ಒಳಗೆ ಅಳೆಸಿದ ಮೇಲೂ ಅಚ್ಚು ನಿಜವಾಗಿ ಚಿಕ್ಕದು ಅಂತಾದರೆ ಆ ಅಳತೆಗೆ ಹೊಸ ಅಚ್ಚು ಮಾಡಿಸಿ. ಅಜ್ಜನದನ್ನು ಎಣ್ಣೆ ಹಚ್ಚಿ ಹಾಗೇ ಇಡಿ. ಬಾಯಿಯ ಅಳತೆ, ಒಳಗಿನ ಅಳತೆ, ಗುಂಡನ್ನು ಮೂರು ದಿಕ್ಕಿಗೆ ಅಳೆದ ಲೆಕ್ಕ, ಇಷ್ಟನ್ನು ಇಲ್ಲೇ ಬರೆಯಿರಿ. ಎಷ್ಟು ದಪ್ಪದ ಬಟ್ಟೆಯಿಂದ ಶುರು ಮಾಡಬಹುದು ಅಂತ ಹೇಳುತ್ತೇನೆ.