ಸೋಲುತ್ತಿರುವ ತಂಡದ ಮುಂದಿನ ಪಂದ್ಯ: ನಗಿಸುತ್ತ ಬರೆಯುವುದು ಹೇಗೆ?

ಪ್ರಶ್ನೆ: ನಾನು ಹಲವು ವರ್ಷಗಳಿಂದ ಅಭಿಮಾನದಿಂದ ನೋಡುತ್ತ ಬಂದಿರುವ ಐಸ್ ಹಾಕಿ ತಂಡವು ಉತ್ತರ ಅಮೆರಿಕದ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಸತತ ಒಂಬತ್ತು ಪಂದ್ಯ ಸೋತು ಪಟ್ಟಿಯ ತಳದಲ್ಲಿದೆ. ಅಭಿಮಾನಿ ಬಳಗದ ಪತ್ರಿಕೆಗೆ ಮುಂದಿನ ಪಂದ್ಯದ ಮುನ್ನೋಟ ಬರೆಯುವ ಸರದಿ ಈಗ ನನ್ನದು. ಹಾಸ್ಯವಾಗಿರಲಿ ಎಂದು, "ನಮ್ಮ ಗೋಲ್‌ಕೀಪರ್‌ಗಿಂತ ಜರಡಿಯೇ ಮೇಲು" ಎಂದು ಆರಂಭಿಸಿದೆ. ಓದಿದ ಗೆಳೆಯರು ನಗಲಿಲ್ಲ, ಒಬ್ಬರಂತೂ ಬೇಸರಪಟ್ಟರು. ತಪ್ಪಿದ್ದೆಲ್ಲಿ? ಸೋಲು ಖಚಿತವೆನಿಸುವ ಪಂದ್ಯದ ಬಗ್ಗೆ ಮುಂಚಿತವಾಗಿ ಬರೆಯುವುದಕ್ಕಾದರೂ ಏನಿರುತ್ತದೆ?

ಉತ್ತರ: ಗೆಳೆಯರು ನಗದಿರುವುದಕ್ಕೆ ಮಾತು ಕಟುವಾದದ್ದೊಂದೇ ಕಾರಣವಲ್ಲ. ಜರಡಿಯ ಹೋಲಿಕೆಯನ್ನು ಯಾವ ತಂಡದ ಯಾವ ಗೋಲ್‌ಕೀಪರ್‌ಗೆ ಅಂಟಿಸಿದರೂ ಅಂಟುತ್ತದೆ. ಅದರಲ್ಲಿ ನಿಮ್ಮ ತಂಡವೂ ಇಲ್ಲ, ನೀವು ಆ ಒಂಬತ್ತು ಪಂದ್ಯಗಳನ್ನು ಕೊನೆಯವರೆಗೆ ಕುಳಿತು ನೋಡಿದ ಗುರುತೂ ಇಲ್ಲ. ಬಿದ್ದವರ ಮೇಲೆ ಆಳಿಗೊಂದು ಕಲ್ಲು ಎಸೆಯುವವರು ಹೊರಗೆ ಬೇಕಾದಷ್ಟು ಜನರಿರುವಾಗ, ಅಭಿಮಾನಿಯ ಬರಹದಲ್ಲಿ ನಗು ಹುಟ್ಟಬೇಕಾದದ್ದು ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತಿರುವ ವಿವರದಿಂದ.

ನಿಮ್ಮ ಗೋಲ್‌ಕೀಪರ್‌ನನ್ನೇ ತೆಗೆದುಕೊಳ್ಳೋಣ. ಆತ ಕಾಯುವುದು ಆರು ಅಡಿ ಅಗಲದ, ನಾಲ್ಕು ಅಡಿ ಎತ್ತರದ ಗೋಲನ್ನು. ಅವನತ್ತ ಹಾರಿ ಬರುವುದು ಮೂರು ಅಂಗುಲ ವ್ಯಾಸದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ, ಅಂದರೆ ಪಕ್. ನೂರು ಹೊಡೆತಗಳಲ್ಲಿ ತೊಂಬತ್ತನ್ನು ತಡೆಯುವವನು ಇಂದಿನ ಎನ್‌ಎಚ್‌ಎಲ್‌ನಲ್ಲಿ ಸಾಧಾರಣ ಗೋಲ್‌ಕೀಪರ್. ಅಂಥವನ ಮೇಲೆ 25 ಹೊಡೆತ ಬಂದರೆ ಲೆಕ್ಕದ ಪ್ರಕಾರ ಎರಡೂವರೆ ಗೋಲು ಬೀಳುತ್ತದೆ, 40 ಬಂದರೆ ನಾಲ್ಕು. ಹೀಗಾಗಿ ಜರಡಿಯನ್ನು ಹುಡುಕುವ ಮೊದಲು ಒಂಬತ್ತು ಪಂದ್ಯಗಳಲ್ಲಿ ಅವನ ಮೇಲೆ ಬಂದ ಹೊಡೆತಗಳನ್ನು ಎಣಿಸಿ. ರಾತ್ರಿಗೆ ನಲವತ್ತರ ಹತ್ತಿರ ಬರುತ್ತಿದ್ದರೆ ಅಪರಾಧಿ ಅವನ ಮುಂದೆ ನಿಂತಿರುವ ರಕ್ಷಣಾ ಆಟಗಾರರು, ಮತ್ತು ನಿಮ್ಮ ಹಾಸ್ಯವೂ ಅಲ್ಲಿಗೇ ಹೋಗಬೇಕು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಈ ಆಟದಲ್ಲಿ ಅಕ್ಷರಶಃ ನಡೆಯುತ್ತದೆ: ರಕ್ಷಿಸಲು ಬಂದವನು ಗೋಲ್‌ಕೀಪರ್‌ನ ಕಣ್ಣಿಗೆ ಅಡ್ಡ ನಿಲ್ಲುತ್ತಾನೆ, ಕೆಲವೊಮ್ಮೆ ತನ್ನ ಸ್ಕೇಟ್‌ಗೆ ತಗುಲಿದ ಪಕ್ಕನ್ನು ಒಳಗೂ ಕಳಿಸುತ್ತಾನೆ. "ಕಳೆದ ಪಂದ್ಯದ ಮೂರನೆಯ ಗೋಲನ್ನು ನಮ್ಮ ಗೋಲ್‌ಕೀಪರ್ ನೋಡಲೇ ಇಲ್ಲ, ಅವನಿಗೆ ಕಂಡದ್ದು ನಮ್ಮವರೇ ಒಬ್ಬರ ಬೆನ್ನಿನ ಮೇಲಿನ ಸಂಖ್ಯೆ" ಎಂದು ಬರೆದರೆ, ಅದು ನಿಜವಾಗಿ ನಡೆದಿದ್ದ ಪಕ್ಷದಲ್ಲಿ, ಬೇಸರಪಟ್ಟ ಗೆಳೆಯರೂ ನಕ್ಕಾರು.

ಸೋಲನ್ನು ನಗುವಾಗಿ ತಿರುಗಿಸಿದವರಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯರಾದವರು ಬರಹಗಾರರಲ್ಲ, ಆಟಗಾರರೇ. 1974-75ರಲ್ಲಿ ಹೊಸದಾಗಿ ಲೀಗ್‌ಗೆ ಸೇರಿದ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡವು 80 ಪಂದ್ಯಗಳಲ್ಲಿ ಗೆದ್ದದ್ದು 8, ಸೋತದ್ದು 67, ಬಿಟ್ಟುಕೊಟ್ಟ ಗೋಲುಗಳು 446. ಎದುರಾಳಿಗಳ ಊರಿನಲ್ಲಿ ಸತತ 37 ಪಂದ್ಯ ಸೋತ ಮೇಲೆ, 1975ರ ಮಾರ್ಚ್ 28ರಂದು ಓಕ್‌ಲ್ಯಾಂಡ್‌ನಲ್ಲಿ ಕ್ಯಾಲಿಫೋರ್ನಿಯಾ ಗೋಲ್ಡನ್ ಸೀಲ್ಸ್ ತಂಡವನ್ನು 5-3ರಿಂದ ಸೋಲಿಸಿತು. ಆಗ ಆಟಗಾರರು ಮಾಡಿದ್ದೇನೆಂದರೆ, ಕೈಗೆ ಸಿಕ್ಕಿದ ಕಸದ ಡಬ್ಬಿಯೊಂದನ್ನು ಲೀಗ್‌ನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ಪಿನಂತೆ ಮೇಲೆತ್ತಿ ಹಿಡಿದು ಮೆರವಣಿಗೆ ಮಾಡಿದರು. ತಮ್ಮ ಸ್ಥಿತಿ ಎಂಥದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಹಾಗೆಂದು ಆ ಒಂದು ಗೆಲುವಿನ ಸಂತೋಷವನ್ನು ಅವರು ಬಿಟ್ಟುಕೊಡಲಿಲ್ಲ. ನಿಮ್ಮ ಮುನ್ನೋಟದ ದನಿ ಆ ಡಬ್ಬಿ ಎತ್ತಿದವರ ದನಿಯಾಗಿರಲಿ. ಪ್ರೇಕ್ಷಕರ ಸಾಲಿನಿಂದ ಅದೇ ಡಬ್ಬಿಯನ್ನು ಆಟಗಾರರ ಮೇಲೆ ಎಸೆಯುವವರದ್ದಾಗಬಾರದು.

ಬರೆಯುವುದಕ್ಕೆ ಏನಿರುತ್ತದೆ ಎಂಬ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಮೊದಲು ಎದುರಾಳಿ ಯಾರೆಂದು ನೋಡಿ. 2020-21ರಲ್ಲಿ ಬಫಲೋ ಸೇಬರ್ಸ್ ತಂಡ ಸತತ 18 ಪಂದ್ಯಗಳಲ್ಲಿ ಗೆಲುವಿನ ಮುಖ ಕಾಣಲಿಲ್ಲ. ಹದಿನೆಂಟನೆಯದರಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ಎದುರು ಮೂರು ಅವಧಿಗಳಲ್ಲಿ ಎರಡು ಮುಗಿಯುವಾಗ 3-0 ಮುಂದಿದ್ದರೂ, ಹೆಚ್ಚುವರಿ ಅವಧಿಯಲ್ಲಿ 4-3ರಿಂದ ಸೋತಿತು. ಎರಡು ದಿನ ಬಿಟ್ಟು, 2021ರ ಮಾರ್ಚ್ 31ರಂದು, ಅದೇ ಫ್ಲೈಯರ್ಸ್ ತಂಡವನ್ನು 6-1ರಿಂದ ಮಣಿಸಿತು. 2023ರ ನವೆಂಬರ್‌ನಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ತಂಡ ವ್ಯಾಂಕೂವರ್ ಎದುರು 10-1, ಅದರ ಬೆನ್ನಿಗೇ ಪಿಟ್ಸ್‌ಬರ್ಗ್ ಎದುರು 10-2ರಿಂದ ಸೋತಿತು. ಋತುವಿನ ಮೊದಲ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದ ಆ ತಂಡ ಹನ್ನೆರಡನೆಯದನ್ನು 2-1ರಿಂದ ಗೆದ್ದದ್ದು ಯಾರ ಮೇಲೆ ಎಂದು ಬೇರೆ ಹೇಳಬೇಕಿಲ್ಲ, ಫ್ಲೈಯರ್ಸ್ ಮೇಲೆಯೇ. ಮುಂದಿನ ಎದುರಾಳಿ ಫಿಲಡೆಲ್ಫಿಯಾ ಆಗಿದ್ದರೆ ನಿಮ್ಮ ಮುನ್ನೋಟ ಅರ್ಧ ಬರೆದು ಮುಗಿದಂತೆಯೇ.

ಆಗಿರದಿದ್ದರೆ ವೇಳಾಪಟ್ಟಿಯನ್ನು ತೆರೆಯಿರಿ. ಎದುರಾಳಿ ತಂಡ ಹಿಂದಿನ ರಾತ್ರಿ ಬೇರೊಂದು ಊರಿನಲ್ಲಿ ಆಡಿ ಬರುತ್ತಿದ್ದರೆ ಕಾಲುಗಳು ದಣಿದಿರುತ್ತವೆ, ಬಹಳ ಸಲ ಮೊದಲ ಗೋಲ್‌ಕೀಪರ್‌ಗೆ ವಿಶ್ರಾಂತಿ ಕೊಟ್ಟು ಎರಡನೆಯವನನ್ನು ನಿಲ್ಲಿಸಿರುತ್ತಾರೆ. ಮತ್ತೊಂದು ಲೆಕ್ಕ: ನಿಮ್ಮ ತಂಡದ ಹೊಡೆತಗಳಲ್ಲಿ ನೂರಕ್ಕೆ ಎಷ್ಟು ಗೋಲಾಗುತ್ತವೆ, ಎದುರಾಳಿಯ ಹೊಡೆತಗಳಲ್ಲಿ ನೂರಕ್ಕೆ ಎಷ್ಟನ್ನು ತಡೆಯಲಾಗುತ್ತದೆ ಎಂಬ ಎರಡನ್ನೂ ಕೂಡಿಸಿ. ಇಡೀ ಲೀಗ್‌ಗೆ ಈ ಮೊತ್ತ ನೂರರ ಆಸುಪಾಸಿನಲ್ಲಿರುತ್ತದೆ. ನಿಮ್ಮದು 96ಕ್ಕೆ ಇಳಿದಿದ್ದರೆ ತಂಡಕ್ಕೆ ಕೆಟ್ಟ ಆಟದ ಜೊತೆಗೆ ಕೆಟ್ಟ ಗ್ರಹಚಾರವೂ ಸೇರಿದೆ ಎಂದು ಧೈರ್ಯವಾಗಿ ಬರೆಯಬಹುದು. 101 ಇದ್ದೂ ಸೋಲುತ್ತಿದ್ದರೆ, ಅದೃಷ್ಟ ತನ್ನ ಪಾಲಿನ ಕೆಲಸವನ್ನು ಮಾಡಿದೆ, ಆಟಗಾರರು ಇನ್ನೂ ಮಾಡಬೇಕಾಗಿದೆ ಎನ್ನಬೇಕಾಗುತ್ತದೆ.

ಅಂಕಗಳ ನಿಯಮವೇ ಒಂದು ಹಾಸ್ಯಪ್ರಸಂಗ. ಗೆದ್ದರೆ ಎರಡು ಅಂಕ, ಮೂರು ಅವಧಿಗಳ ಅರವತ್ತು ನಿಮಿಷದೊಳಗೆ ಸೋತರೆ ಸೊನ್ನೆ, ಐದು ನಿಮಿಷದ ಹೆಚ್ಚುವರಿ ಅವಧಿಯಲ್ಲೋ ಅದರ ನಂತರ ಒಬ್ಬೊಬ್ಬರೇ ಬಂದು ಗೋಲಿಗೆ ಹೊಡೆಯುವ ಶೂಟೌಟ್‌ನಲ್ಲೋ ಸೋತರೆ ಒಂದು. ಸೇಬರ್ಸ್‌ನ ಆ ಹದಿನೆಂಟು ಪಂದ್ಯಗಳಲ್ಲಿ ಮೂರು ಇಂಥವು. ಸೋಲುವುದನ್ನು ಐದು ನಿಮಿಷ ಮುಂದಕ್ಕೆ ಹಾಕಿದ್ದಕ್ಕೆ ಸಂಬಳ ಸಿಗುವ ಈ ಏರ್ಪಾಡು, ಮುಳುಗುವವನಿಗೆ ಸಿಕ್ಕ ಹುಲ್ಲುಕಡ್ಡಿಯನ್ನು ಅಂಕಪಟ್ಟಿಗೆ ಸೇರಿಸಿದಂತಿದೆ.

ಅಭಿಮಾನಿಗಳು ಒಳಗೊಳಗೇ ಆಡಿಕೊಳ್ಳುವ ಇನ್ನೊಂದು ಮಾತಿದೆ: ಹೇಗೂ ಸೋಲುತ್ತಿದ್ದೇವೆ, ಪೂರ್ತಿಯಾಗಿ ಸೋತು ಕೊನೆಯ ಸ್ಥಾನವನ್ನಾದರೂ ಭದ್ರಪಡಿಸಿಕೊಂಡರೆ ಮುಂದಿನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಏರ್ಪಾಡು) ಮೊದಲ ಆಯ್ಕೆ ಸಿಗುತ್ತದಲ್ಲ ಎಂಬುದು. ಇದನ್ನು ಬರೆಯಿರಿ, ಬಚ್ಚಿಡಬೇಡಿ. ಆದರೆ ಪೂರ್ತಿ ಬರೆಯಿರಿ. ಕೊನೆಯ ಸ್ಥಾನದ ತಂಡಕ್ಕೆ, ಆ ಸರದಿಯನ್ನು ನಿರ್ಧರಿಸುವ ಲಾಟರಿಯಲ್ಲಿ ಮೊದಲ ಆಯ್ಕೆ ದಕ್ಕುವ ಸಾಧ್ಯತೆ ಶೇಕಡ 25.5 ಮಾತ್ರ, ಅಂದರೆ ನಾಲ್ಕರಲ್ಲಿ ಮೂರು ಸಲ ದಕ್ಕುವುದಿಲ್ಲ. 2023-24ರಲ್ಲಿ ಕೊನೆಯವರಾದ ಶಾರ್ಕ್ಸ್‌ಗೆ ಲಾಟರಿ ಒಲಿದು ಮ್ಯಾಕ್ಲಿನ್ ಸೆಲೆಬ್ರಿನಿ ಎಂಬ ಯುವ ಆಟಗಾರ ಸಿಕ್ಕರು. ಮರುವರ್ಷವೂ ಅವರು ಅಷ್ಟೇ ನಿಷ್ಠೆಯಿಂದ ಕೊನೆಯ ಸ್ಥಾನ ಪಡೆದಾಗ ಮೊದಲ ಆಯ್ಕೆಯನ್ನು ಒಯ್ದದ್ದು ನ್ಯೂಯಾರ್ಕ್ ಐಲ್ಯಾಂಡರ್ಸ್. ಸೋಲುವುದರಲ್ಲೂ ಸೋಲಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ.

2019ರ ಜನವರಿ 3ರಂದು ಪಟ್ಟಿಯ ಕೊನೆಯಲ್ಲಿದ್ದ ಸೇಂಟ್ ಲೂಯಿಸ್ ಬ್ಲೂಸ್ ತಂಡ ಅದೇ ಜೂನ್‌ನಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ಕಥೆಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಕಥೆ ನಿಜ, ಆದರೆ ಸೋಲುತ್ತಿರುವ ತಂಡಗಳ ಅಭಿಮಾನಿಗಳು ಅದನ್ನು ಎಷ್ಟು ಸಲ ಹೇಳಿಕೊಂಡಿದ್ದಾರೆಂದರೆ, ಈಗ ಅದು ಧೈರ್ಯಕ್ಕಿಂತ ಹೆಚ್ಚಾಗಿ ಹತಾಶೆಯ ಲಕ್ಷಣವಾಗಿ ಕೇಳಿಸುತ್ತದೆ.

ಕೊನೆಯಲ್ಲಿ ಫಲಿತಾಂಶವನ್ನು ಅಂಕಿಯಲ್ಲಿಯೇ ಊಹಿಸಿ ಬರೆಯಿರಿ. "ಕಠಿಣ ಪೈಪೋಟಿಯನ್ನು ನಿರೀಕ್ಷಿಸಬಹುದು" ಎಂದು ನುಣುಚಿಕೊಳ್ಳುವುದಕ್ಕಿಂತ "4-2, ನಮ್ಮ ಎರಡನೆಯ ಗೋಲು ಬೀಳುವ ಹೊತ್ತಿಗೆ ಅರ್ಧ ಪ್ರೇಕ್ಷಕರು ವಾಹನ ನಿಲುಗಡೆಯ ಜಾಗದಲ್ಲಿರುತ್ತಾರೆ" ಎನ್ನುವುದು ಪ್ರಾಮಾಣಿಕವೂ ಹೌದು, ತಪ್ಪಾದರೆ ಎಲ್ಲರಿಗೂ ಸಂತೋಷ. ಗೋಲ್‌ಕೀಪರ್ ಹೆಸರಿನ ಜಾಗವನ್ನು ಮಾತ್ರ ಪಂದ್ಯದ ದಿನ ಬೆಳಗಿನ ಅಭ್ಯಾಸ ಮುಗಿಯುವವರೆಗೆ ಖಾಲಿ ಬಿಟ್ಟಿರಿ: ಇಬ್ಬರಲ್ಲಿ ಯಾರು ಮೊದಲು ಐಸ್ ಬಿಟ್ಟು ಒಳಗೆ ಹೋಗುತ್ತಾರೋ ಸಾಮಾನ್ಯವಾಗಿ ಅವರೇ ಆ ರಾತ್ರಿ ಗೋಲಿನ ಮುಂದೆ ನಿಲ್ಲುವವರು.